ನನ್ನ 1971ರ ಮಾರ್ಟಿನ್ ಡಿ-28 ಗಿಟಾರ್: ಬೆನ್ನು ಬೀಟೆ ಮರದ್ದು, ಕುತ್ತಿಗೆ ಮುಂದಕ್ಕೆ ಬಾಗಿದೆ. ಏನು ಮಾಡಲಿ?

ಕೊಪ್ಪದ ಹುಡುಗ

ಎಲ್ಲರಿಗೂ ನಮಸ್ಕಾರ. ಸ್ವಲ್ಪ ಉದ್ದ ಬರೆಯುತ್ತೇನೆ, ಬೈಕೋಬೇಡಿ.

ನಾನಿರುವುದು ಪೆನ್ಸಿಲ್ವೇನಿಯಾದ ಆಲೆನ್‌ಟೌನ್‌ನಲ್ಲಿ. ಮಾರ್ಟಿನ್ ಗಿಟಾರ್ ಕಾರ್ಖಾನೆ ಇರುವ ನಜರೆತ್ ಇಲ್ಲಿಂದ ಕಾರಲ್ಲಿ ಅರ್ಧ ಗಂಟೆ. ಎಂಟು ವರ್ಷದಿಂದ ಆ ದಾರಿಯಲ್ಲಿ ಓಡಾಡುತ್ತಾ, ಒಂದಲ್ಲ ಒಂದಿನ ಹಳೇ ಡಿ-28 ತಗೋಬೇಕು ಅಂತ ಆಸೆ ಇಟ್ಟುಕೊಂಡಿದ್ದೆ. ಹೋದ ಚಳಿಗಾಲ ಶುರುವಾಗುವ ಹೊತ್ತಿಗೆ ತಗೊಂಡೇಬಿಟ್ಟೆ. 1,900 ಡಾಲರ್. ಮಾರಿದವರು 'ಎಕ್ಸಲೆಂಟ್ ಕಂಡಿಷನ್, ಏನೂ ಕೆಲಸ ಬೇಕಿಲ್ಲ' ಅಂದಿದ್ದರು. ನಾನೂ ನಂಬಿದೆ.

ಸೌಂಡ್‌ಹೋಲ್ ಒಳಗೆ ಟಾರ್ಚ್ ಬಿಟ್ಟರೆ ನೆಕ್ ಬ್ಲಾಕ್ (ಕುತ್ತಿಗೆ ಕೂರುವ ಮರದ ತುಂಡು) ಮೇಲೆ ಸೀರಿಯಲ್ ನಂಬರ್ ಕಾಣುತ್ತದೆ. 28ರಿಂದ ಶುರುವಾಗುವ ಆರಂಕಿ. ಮಾರ್ಟಿನ್ ಪಟ್ಟಿಯಲ್ಲಿ 1970ರ ಕೊನೆಯ ನಂಬರ್ 2,71,633. 1971ರದ್ದು 2,94,270. ಹಾಗಾಗಿ ಇದು 1971ರ ಮಾಲು, ಅದರಲ್ಲಿ ಅನುಮಾನವಿಲ್ಲ. ಎರಡೂ ನಂಬರ್ ಕಳೆದು ನೋಡಿ: ಒಂದೇ ವರ್ಷಕ್ಕೆ 22,637 ಗಿಟಾರ್!

ಈಗ ದನಿ. ಮೇಲಿನ ಇ ತಂತಿಯನ್ನು (ದಪ್ಪದ್ದು) ಒಂದೇ ಸಲ ಮೀಟಿ ಬಿಟ್ಟರೆ ಗಿಟಾರಿನ ಬೆನ್ನು ನನ್ನ ಹೊಟ್ಟೆಗೆ ತಾಗಿ ನಡುಗುತ್ತದೆ. ಕಾರ್ಡ್ ಹೊಡೆದರೆ ಕೆಳಗೆ ಗುಡುಗು, ಮೇಲೆ ಗಾಜಿನಂಥ ಸದ್ದು, ನಡುವೆ ಸ್ವಲ್ಪ ಖಾಲಿ. ಹಾಡಿದರೆ ನನ್ನ ಗಂಟಲು ಸರಿಯಾಗಿ ಆ ಖಾಲಿ ಜಾಗದಲ್ಲಿ ಕೂರುತ್ತದೆ. ಸೌಂಡ್‌ಹೋಲ್‌ಗೆ ಮೂಗಿಟ್ಟರೆ ಅಜ್ಜಿಯ ಟ್ರಂಕು ತೆಗೆದ ವಾಸನೆ.

ಆಮೇಲೆ ಬೆನ್ನು ತಿರುಗಿಸಿ ನೋಡಿದೆ. ನೇರಳೆ ಬೆರೆತ ಕಪ್ಪು. ನೆಟ್ಟಗಿನ ಗೆರೆ. ಅಜ್ಜನ ಮನೆಯ ಮಂಚದ ಕಾಲು ಇದೇ ಬಣ್ಣ! ಬೀಟೆ. ನಾನು ಬಿಟ್ಟು ಬಂದ ಮರ ನನಗಿಂತ ಮುಂಚೆ ಇಲ್ಲಿಗೆ ಬಂದು ಕೂತಿದೆ.

ತೊಂದರೆ ಏನಪ್ಪಾ ಅಂದರೆ, ಆಕ್ಷನ್ ಜಾಸ್ತಿ ಇದೆ, ಅಂದರೆ ತಂತಿಗಳು ಫ್ರೆಟ್‌ಗಳಿಂದ (ಕುತ್ತಿಗೆ ಮೇಲಿನ ಲೋಹದ ಅಡ್ಡಪಟ್ಟಿ) ತುಂಬಾ ಮೇಲಿವೆ. ಹನ್ನೆರಡನೇ ಫ್ರೆಟ್ ಹತ್ತಿರ ದಪ್ಪ ತಂತಿ 3.5 ಮಿ.ಮೀ. ಎತ್ತರದಲ್ಲಿದೆ. ಎಫ್ ಕಾರ್ಡ್ ಹಿಡಿದು ಒಂದು ಹಾಡು ಮುಗಿಸಿದರೆ ಕೈ ಹಿಡಿದುಕೊಳ್ಳುತ್ತದೆ. ಪಿಕ್‌ಗಾರ್ಡ್ (ಗೀರು ಬೀಳದಂತೆ ಅಂಟಿಸಿದ ಕರಿ ಹಾಳೆ) ಅಂಚಿನಲ್ಲಿ ಬ್ರಿಡ್ಜ್ (ತಂತಿ ಸಿಕ್ಕಿಸುವ ಮರದ ತುಂಡು) ಕಡೆಗೆ ಸುಮಾರು ಆರು ಸೆಂಟಿಮೀಟರ್ ಬಿರುಕೂ ಇದೆ. ರಿಪೇರಿ ಮಾಡಿಸಲಾ, ವಾಪಸ್ ಮಾರಲಾ?

ಆರನೇ ತಂತಿ

ಮಾರುವುದಾದರೆ ಮೊದಲು ನನಗೆ ಹೇಳಿ. ಮೈಸೂರಿಗೆ ಕೊರಿಯರ್ ಖರ್ಚು ನನ್ನದು.

ಉಳಿ ಮತ್ತು ಅಂಟು

ತಡೀರಿ, ಈಗಲೇ ಏನೂ ನಿರ್ಧಾರ ಮಾಡಬೇಡಿ. ಬೆಂಗಳೂರಲ್ಲಿ ಇಪ್ಪತ್ತು ವರ್ಷದಿಂದ ಗಿಟಾರ್ ರಿಪೇರಿ ಮಾಡುತ್ತಿದ್ದೇನೆ. ಮೊದಲು ಮೂರು ವಿಷಯ ನೋಡಿ ಹೇಳಿ.

ಒಂದು ನೆಟ್ಟಗಿನ ಉಕ್ಕಿನ ಸ್ಕೇಲ್ ತಗೊಳ್ಳಿ. ಫ್ರೆಟ್‌ಗಳ ಮೇಲೆ, ನಡುವಿನ ಎರಡು ತಂತಿಗಳ ಮಧ್ಯೆ ಉದ್ದಕ್ಕೆ ಇಡಿ. ಅದರ ತುದಿ ಬ್ರಿಡ್ಜ್‌ಗೆ ಎಲ್ಲಿ ತಾಗುತ್ತದೆ? ಬ್ರಿಡ್ಜ್ ಮರದ ತಲೆಯ ಮಟ್ಟಕ್ಕೆ ಬಂದರೆ ಸರಿ. ಅದಕ್ಕಿಂತ ಕೆಳಗೆ ಹೋಗಿ ಮರಕ್ಕೆ ಗುದ್ದಿದರೆ ಎಷ್ಟು ಕೆಳಗೆ ಅಂತ ಅಳೆಯಿರಿ.

ಬ್ರಿಡ್ಜ್ ಮೇಲೆ ಬಿಳೀ ಸ್ಯಾಡಲ್ (ತಂತಿಗಳು ಹಾಯುವ ಪಟ್ಟಿ) ಎಷ್ಟು ಎದ್ದು ಕಾಣುತ್ತದೆ?

ಒಳಗೆ ಪುಟ್ಟ ಕನ್ನಡಿ ಬಿಟ್ಟು, ಬ್ರಿಡ್ಜ್ ಕೆಳಗಿನ ಹಲಗೆಯ ಫೋಟೋ ತೆಗೆಯಿರಿ. ತಂತಿಯ ಗುಂಡು ಮರವನ್ನು ತಿಂದಿದೆಯಾ ನೋಡಬೇಕು.

ಇನ್ನೊಂದು ಮಾತು. ಸ್ಯಾಡಲ್ ಉಜ್ಜಬೇಡಿ. ದಯವಿಟ್ಟು.

ಕೊಪ್ಪದ ಹುಡುಗ

ಉಜ್ಜಿಬಿಟ್ಟೆ ಸಾರ್.

ಹೋದ ವಾರವೇ. ವಿಡಿಯೋ ನೋಡಿ ಒಂದು ಮಿ.ಮೀ.ನಷ್ಟು ಉಜ್ಜಿದೆ. ಆಕ್ಷನ್ ಅರ್ಧ ಮಿ.ಮೀ. ಇಳಿಯಿತು, ದನಿಯೂ ಇಳಿಯಿತು. ಈ 3.5 ಉಜ್ಜಿದ ಮೇಲಿನ ಲೆಕ್ಕ. ಈಗ ಸ್ಯಾಡಲ್ ಕಾಣುವುದು 1.5 ಮಿ.ಮೀ. ಮಾತ್ರ. ಸ್ಕೇಲ್ ಇಟ್ಟು ನೋಡಿದೆ, ಬ್ರಿಡ್ಜ್ ತಲೆಗಿಂತ 2 ಮಿ.ಮೀ. ಕೆಳಗೆ ಗುದ್ದುತ್ತದೆ. ಕನ್ನಡಿ ಫೋಟೋ ಹಾಕಿದ್ದೇನೆ. ಅಗಲವಾದ ಕಪ್ಪು ಹಲಗೆ, ತೂತುಗಳ ಸುತ್ತ ಸ್ವಲ್ಪ ಸವೆದಿದೆ.

ಉಳಿ ಮತ್ತು ಅಂಟು

ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಹಾಕಿದ ಹಾಗಾಯಿತು. ಬೇಜಾರಾಗಬೇಡಿ, ಹತ್ತರಲ್ಲಿ ಒಂಬತ್ತು ಜನ ಇದನ್ನೇ ಮಾಡುತ್ತಾರೆ. ಸ್ಯಾಡಲ್ ಹೊಸದು ಹಾಕಬಹುದು, ದೊಡ್ಡ ನಷ್ಟವೇನಿಲ್ಲ.

ಆಗಿರುವುದು ಇಷ್ಟು. ಹನ್ನೆರಡರ ಲೈಟ್ ಸೆಟ್ (ತೆಳ್ಳನೆಯ ತಂತಿಗಳು) ಹಾಕಿ ಶ್ರುತಿ ಮಾಡಿದರೆ ಆರು ತಂತಿಯೂ ಸೇರಿ ಸುಮಾರು 73 ಕೆ.ಜಿ. ಎಳೆಯುತ್ತವೆ. ಹದಿಮೂರರ ಮೀಡಿಯಂ ಸೆಟ್ ಆದರೆ 83ರ ಹತ್ತಿರ. ಒಂದೂವರೆ ಮೂಟೆ ಸಿಮೆಂಟಿನ ಭಾರ, ಹಗಲು ರಾತ್ರಿ, ಐವತ್ತು ವರ್ಷಕ್ಕೂ ಹೆಚ್ಚು. ಮೇಲಿನ ಸ್ಪ್ರೂಸ್ ಮರದ ಹಲಗೆಯ ದಪ್ಪವೋ ಮೂರು ಮಿ.ಮೀ. ಆಜುಬಾಜು. ಬ್ರಿಡ್ಜ್ ಹಿಂದಿನ ಹೊಟ್ಟೆ ಉಬ್ಬುತ್ತದೆ, ಸೌಂಡ್‌ಹೋಲ್ ಹತ್ತಿರ ತಗ್ಗುತ್ತದೆ, ನೆಕ್ ಬ್ಲಾಕ್ ನಿಧಾನಕ್ಕೆ ಮುಂದಕ್ಕೆ ವಾಲುತ್ತದೆ. ನೆಕ್ ಬಾಗಿಲ್ಲ. ಅದು ಕೂತಿರುವ ಕೋನ ಬದಲಾಗಿದೆ. ಈ ಎರಡಕ್ಕೂ ವ್ಯತ್ಯಾಸ ಇದೆ.

ಯಾರಾದರೂ 'ಟ್ರಸ್ ರಾಡ್ ತಿರುಗಿಸಿದರೆ ಸರಿಯಾಗುತ್ತೆ' ಅಂದರೆ ಅವರ ಕೈಗೆ ಗಿಟಾರ್ ಕೊಡಬೇಡಿ. ಮೊದಲನೆಯದಾಗಿ, ಟ್ರಸ್ ರಾಡ್ ಅನ್ನುವುದು ನೆಕ್ ಒಳಗಿನ ಉಕ್ಕಿನ ಸರಳು, ಅದು ಕೋನವನ್ನು ಸರಿಮಾಡುವುದಿಲ್ಲ. ಎರಡನೆಯದಾಗಿ, ನಿಮ್ಮದರಲ್ಲಿ ತಿರುಗಿಸುವ ರಾಡೇ ಇಲ್ಲ. 1967ರಿಂದ ಮಾರ್ಟಿನ್‌ನವರು ನೆಕ್ ಒಳಗೆ ಚೌಕಾಕಾರದ ಉಕ್ಕಿನ ಕೊಳವೆ ಕೂರಿಸುತ್ತಿದ್ದರು. ತಿರುಗಿಸುವಂಥದ್ದು ಬಂದದ್ದು 1985ರಲ್ಲಿ.

ನಿಮಗೆ ಬೇಕಿರುವುದು ನೆಕ್ ರಿಸೆಟ್, ಅಂದರೆ ನೆಕ್ ಬಿಚ್ಚಿ ಸರಿಯಾದ ಕೋನಕ್ಕೆ ಮತ್ತೆ ಕೂರಿಸುವುದು. ಹೆದರಬೇಡಿ, ಹಳೇ ಮಾರ್ಟಿನ್‌ಗೆ ಇದು ಹಳೇ ಕಾರಿಗೆ ಕ್ಲಚ್ ಪ್ಲೇಟ್ ಬದಲಿಸಿದ ಹಾಗೆ. ಮಾಡಿಸದೇ ಇರುವ ಐವತ್ತು ವರ್ಷದ ಮಾರ್ಟಿನ್ ಸಿಕ್ಕಿದರೆ ಮುಂದೆ ಮಾಡಿಸಬೇಕು ಅಂತಲೇ ಲೆಕ್ಕ ಹಿಡಿದು ಬೆಲೆ ಮಾತಾಡಬೇಕು. ನಿಮಗೆ ಮಾರಿದವರಿಗೂ ಇದು ಗೊತ್ತಿತ್ತು ಅಂತ ನನ್ನ ಅನುಮಾನ.

ಕಾಫಿತೋಟ

ಗಿಟಾರ್ ಬಗ್ಗೆ ನನಗೆ ಏನೂ ಗೊತ್ತಿಲ್ಲ. ಮಗಳು ಕಲಿಯುತ್ತಿದ್ದಾಳೆ, ಅದಕ್ಕೆ ಇಲ್ಲಿ ಇಣುಕುತ್ತೇನೆ. ಆದರೆ ಬೀಟೆ ಬಗ್ಗೆ ಮಾತು ಬಂತಲ್ಲ, ಸುಮ್ನೆ ಇರೋಕಾಗಲಿಲ್ಲ.

ನಮ್ಮದು ಮೂಡಿಗೆರೆ ಕಡೆ ತೋಟ. ಕಾಫಿ ಗಿಡಗಳ ಮೇಲಿನ ನೆರಳಿನಲ್ಲಿ ಏಳೆಂಟು ಬೀಟೆ ಇವೆ. ಸ್ವಂತ ತೋಟದ ಮರ ಅಂತ ಕೊಡಲಿ ಎತ್ತುವ ಹಾಗಿಲ್ಲ, ಅರಣ್ಯ ಇಲಾಖೆ ಅನುಮತಿ ಬೇಕು. ಹಿಂದೊಮ್ಮೆ ಗಾಳಿಗೆ ಒಂದು ಬಿತ್ತು. ಅದನ್ನು ಕುಯ್ಯುವಾಗ ಬಂದ ಪುಡಿ ಇದೆಯಲ್ಲ, ಬೂದು ಅಲ್ಲ, ಕಂದು ಅಲ್ಲ, ನೇರಳೆ ಹಣ್ಣು ಜಜ್ಜಿದ ಬಣ್ಣ. ಕುಯ್ದವರ ಬನಿಯನ್ ಎಲ್ಲ ಅದೇ ಬಣ್ಣ. ಒಗೆದರೂ ಹೋಗಲಿಲ್ಲ. ಹೊರಗಿನ ಬಿಳೀ ಭಾಗ ಹುಳ ತಿನ್ನುತ್ತದೆ, ಒಳಗಿನ ಕರಿ ಚೇಗನ್ನು ಹುಳ ಮೂಸಿಯೂ ನೋಡುವುದಿಲ್ಲ.

ನಿಮ್ಮ ಗಿಟಾರಿನ ಮರ ಕೊಪ್ಪದ್ದೇ ಅಂತ ಮಾತ್ರ ಎದೆ ತಟ್ಟಿಕೊಳ್ಳಬೇಡಿ. ಬೀಟೆ ಕೇರಳದಲ್ಲೂ ಇದೆ, ನೀಲಗಿರಿ ಕಡೆಯೂ ಇದೆ. ಹಲಗೆ ಮೇಲೆ ಊರಿನ ಹೆಸರು ಬರೆದಿರುವುದಿಲ್ಲ. ಆದರೂ ಘಟ್ಟದ ಮಳೆ ಕುಡಿದ ಮರ ಅನ್ನಿ, ಅಷ್ಟು ಸಾಕಲ್ವಾ?

ಇನ್ನೊಂದು. ಈಗ ಅಂಗಡಿಗಳಲ್ಲಿ 'ರೋಸ್‌ವುಡ್' ಅಂತ ಮಾರುವ ಸೋಫಾ ಬಹಳಷ್ಟು ಉತ್ತರ ಭಾರತದ ಶೀಶಮ್. ಅದು ಬೀಟೆಯ ದಾಯಾದಿ ಅಷ್ಟೇ, ಬೀಟೆ ಅಲ್ಲ.

ಟೆಕ್ಸಸ್ ಅಜ್ಜಿ

ಹುಡುಗರೇ, ನಾನು 1974ರಲ್ಲಿ ಇಲ್ಲಿಗೆ ಓದೋಕೆ ಬಂದವಳು. ಆ ವರ್ಷವೇ ಹೊಸ ಡಿ-28 ತಗೊಂಡೆ. ಆ ಬೇಸಿಗೆ ರಜೆಯ ಪೂರ್ತಿ ದುಡಿಮೆ ಅದರಲ್ಲಿದೆ. ಅಪ್ಪನಿಗೆ ಪತ್ರದಲ್ಲಿ ಬರೆಯಲೇ ಇಲ್ಲ, ವೀಣೆ ಬಿಟ್ಟಳು ಅಂತ ಬೇಜಾರು ಮಾಡಿಕೊಳ್ಳುತ್ತಾರೆ ಅಂತ.

ಆಗ ಅಂಗಡಿಯವರು ಬೀಟೆ ಬೆನ್ನಿನ ಬಗ್ಗೆ ಹೇಗೆ ಹೇಳುತ್ತಿದ್ದರು ಗೊತ್ತಾ? ಮುಖ ಸಣ್ಣ ಮಾಡಿಕೊಂಡು. 'ಇದು ಬ್ರೆಜಿಲಿಯನ್ ಅಲ್ಲ, ಇಂಡಿಯನ್' ಅಂತ, ಕ್ಷಮೆ ಕೇಳುವ ದನಿಯಲ್ಲಿ. ನಾನು ಎದುರಿಗೆ ನಿಂತಿದ್ದೆ! 1969ರ ತನಕ ಬ್ರೆಜಿಲ್ ರೋಸ್‌ವುಡ್ ಹಾಕುತ್ತಿದ್ದರು. ಬ್ರೆಜಿಲ್ ದಿಮ್ಮಿ ರಫ್ತಿಗೆ ತಡೆ ಹಾಕಿತು, ಮಾರ್ಟಿನ್ ನಮ್ಮ ಬೀಟೆಗೆ ಬಂತು. ಅದಕ್ಕೂ ಮುಂಚೆಯೇ ಅಗಲದ ಹಲಗೆ ಸಿಗುವುದು ಕಷ್ಟವಾಗಿತ್ತು. 1965ರಲ್ಲಿ ಬಂದ ಡಿ-35ರ ಬೆನ್ನು ಮೂರು ತುಂಡಿನದ್ದು, ಯಾಕೆ ಅಂದುಕೊಂಡಿರಿ? ಚೆಂದಕ್ಕಲ್ಲ, ಸಣ್ಣ ಹಲಗೆಗಳನ್ನೂ ಬಳಸೋಕೆ.

ನನ್ನದಕ್ಕೆ ನೆಕ್ ರಿಸೆಟ್ ಆಗಿದೆ. ಮೊದಲ ಕೊಳ್ಳುಗರಿಗೆ ಕಂಪನಿಯ ಲೈಫ್‌ಟೈಮ್ ವಾರಂಟಿ ಇರುತ್ತದೆ, ಅದರಲ್ಲೇ ಆಯಿತು. ನಿನಗೆ ಅದು ಸಿಗುವುದಿಲ್ಲ ಮಗಾ, ಎರಡನೇ ಕೈ. ಆದರೂ ಮಾಡಿಸು. ರಿಸೆಟ್ ಆಗಿ ಬಂದ ದಿನ ಅದು ನನ್ನದೇ ಗಿಟಾರ್ ಅಂತ ನಂಬೋಕಾಗಲಿಲ್ಲ.

ಸಂಶಯ ಪಿಶಾಚಿ

ಎಲ್ಲರೂ ಬೀಟೆ ಬೀಟೆ ಅಂತ ಕಣ್ಣೀರು ಹಾಕುತ್ತಿದ್ದೀರಿ, ನಾನು ಸ್ವಲ್ಪ ತಣ್ಣೀರು ಹಾಕುತ್ತೇನೆ.

2018ರಲ್ಲಿ ಇಂಗ್ಲೆಂಡಿನ ಲ್ಯಾಂಕಾಸ್ಟರ್ ವಿಶ್ವವಿದ್ಯಾಲಯದವರು ಒಂದು ಪರೀಕ್ಷೆಯ ಫಲ ಹೊರಹಾಕಿದರು. ಆರು ಗಿಟಾರ್. ವಿನ್ಯಾಸ ಒಂದೇ, ಮಾಡಿದ ಕೈ ಒಂದೇ. ಬೆನ್ನು ಮತ್ತು ಪಕ್ಕದ ಮರ ಮಾತ್ರ ಬೇರೆ ಬೇರೆ: ಬ್ರೆಜಿಲ್ ರೋಸ್‌ವುಡ್, ಇಂಡಿಯನ್ ರೋಸ್‌ವುಡ್, ಮಹಾಗನಿ, ಮೇಪಲ್, ಸಪೇಲೆ, ವಾಲ್‌ನಟ್. 52 ಗಿಟಾರ್ ವಾದಕರನ್ನು ಮಂಕು ಬೆಳಕಿನ ಕೋಣೆಯಲ್ಲಿ ಕೂರಿಸಿ, ವೆಲ್ಡಿಂಗ್ ಕನ್ನಡಕ ಹಾಕಿಸಿ ನುಡಿಸಲು ಹೇಳಿದರು. ಆರಕ್ಕೂ ಹೆಚ್ಚುಕಡಿಮೆ ಒಂದೇ ಮಾರ್ಕು ಬಂತು. ಲಕ್ಷಗಟ್ಟಲೆ ಬೆಲೆಯ ಬ್ರೆಜಿಲ್ ಮರಕ್ಕೂ ಅಗ್ಗದ ಸಪೇಲೆಗೂ ದನಿಯಲ್ಲಿ ಹೇಳಿಕೊಳ್ಳುವ ವ್ಯತ್ಯಾಸ ಸಿಗಲಿಲ್ಲ.

ಹಾಗಾಗಿ 'ಗುಡುಗು, ಗಾಜು, ನಡುವೆ ಖಾಲಿ' ಅನ್ನುವುದೆಲ್ಲ ಕಣ್ಣು ಕಿವಿಗೆ ಹೇಳಿಕೊಟ್ಟ ಪಾಠ. ಹೆತ್ತವರಿಗೆ ಹೆಗ್ಗಣ ಮುದ್ದು.

ಆರನೇ ತಂತಿ

ಪಿಶಾಚಿಯವರೇ, ಅಲ್ಲೊಂದು ಷರತ್ತು ಇದೆ. ಆ ಆರೂ ಗಿಟಾರಿನ ಟಾಪ್ (ಮುಂದಿನ ಹಲಗೆ) ಸ್ಪ್ರೂಸೇ ಆಗಿತ್ತು, ಬ್ರೇಸಿಂಗ್ (ಅದರ ಕೆಳಗಿನ ಆಸರೆ ಪಟ್ಟಿಗಳು) ಒಂದೇ ಥರ. ಅಂದರೆ ಬೆನ್ನು ಮುಖ್ಯವಲ್ಲ ಅಂತಾಯಿತೇ ಹೊರತು ಮರವೇ ಮುಖ್ಯವಲ್ಲ ಅಂತಲ್ಲ. ಟಾಪ್ ಬದಲಾಯಿಸಿ ನೋಡಿ.

ನನ್ನ ಹತ್ತಿರ ಕಲ್ಕತ್ತಾದಲ್ಲಿ ತಯಾರಾದ ಹಳೇ ಗಿಟಾರ್ ಇದೆ, ಮಾವನದ್ದು. ಟಾಪ್ ಪ್ಲೈವುಡ್. ನೋಡೋಕೆ ಅದೇ ಆಕಾರ, ಅದೇ ತಂತಿ. ನುಡಿಸಿದರೆ ಬಕೆಟ್ ಮಗುಚಿ ತಟ್ಟಿದ ಹಾಗೆ. ನಲವತ್ತು ವರ್ಷವಾದರೂ ಅದರ ದನಿ ಒಂದಿಷ್ಟೂ ಪಕ್ವವಾಗಲಿಲ್ಲ. ಆದರೆ ಮದುವೆಮನೆ, ಕಾಲೇಜ್ ಡೇ, ಬಸ್ಸಿನ ಮೇಲೆ ಪ್ರಯಾಣ, ಎಲ್ಲ ತಡೆದುಕೊಂಡಿದೆ. ಒಂದು ಬಿರುಕಿಲ್ಲ. ಪ್ಲೈವುಡ್‌ಗೆ ಅದೊಂದು ವರ.

ಉಳಿ ಮತ್ತು ಅಂಟು

ಇಬ್ಬರೂ ಅರ್ಧ ಸರಿ. ನಾನು ನೂರಾರು ಗಿಟಾರ್ ಬಿಚ್ಚಿದ್ದೇನೆ. ದನಿಯ ಬಹುಪಾಲು ಟಾಪ್ ಮತ್ತು ಅದರ ಕೆಳಗಿನ ಪಟ್ಟಿಗಳಲ್ಲಿದೆ. ಡಿ-28ರಲ್ಲಿ ಆ ಪಟ್ಟಿಗಳು ಇಂಗ್ಲಿಷಿನ ಎಕ್ಸ್ ಆಕಾರದಲ್ಲಿ ಅಡ್ಡ ಹಾಯುತ್ತವೆ. 1944ರ ಕೊನೆಯ ತನಕ ಮಾರ್ಟಿನ್‌ನವರು ಪಟ್ಟಿಗಳ ನಡುವನ್ನು ಬೋಗುಣಿಯ ಹಾಗೆ ಕೆತ್ತಿ ಹಗುರ ಮಾಡುತ್ತಿದ್ದರು. ಜನ ದಪ್ಪ ತಂತಿ ಹಾಕಿ ಟಾಪ್ ಉಬ್ಬಿಸಿಕೊಂಡು ಬರುತ್ತಿದ್ದರಿಂದ ಕೆತ್ತುವುದನ್ನು ನಿಲ್ಲಿಸಿದರು. ಮತ್ತೆ ಶುರುವಾದದ್ದು 1976ರಲ್ಲಿ, ಎಚ್‌ಡಿ-28 ಅನ್ನುವ ಮಾದರಿಯಲ್ಲಿ. ನಿಮ್ಮದು ಈ ನಡುಗಾಲದ್ದು, ಗಟ್ಟಿ ಪಟ್ಟಿಯದ್ದು.

ಇದಲ್ಲದೆ ಫೋಟೋದಲ್ಲಿ ಕಂಡ ಅಗಲವಾದ ಕಪ್ಪು ಹಲಗೆ. ಅದೂ ರೋಸ್‌ವುಡ್ಡೇ. 1960ರ ದಶಕದ ಕೊನೆಗೆ ಮುಂಚೆ ಅಲ್ಲಿ ಮೇಪಲ್‌ನ ಸಣ್ಣ ತುಂಡು ಇರುತ್ತಿತ್ತು. ವಾರಂಟಿ ರಿಪೇರಿ ತಪ್ಪಿಸೋಕೆ ದೊಡ್ಡದು ಮಾಡಿದರು, ಟಾಪ್‌ನ ನಟ್ಟನಡುವೆ ಭಾರ ಕೂತಿತು. ಎಪ್ಪತ್ತರ ದಶಕದ ಮಾರ್ಟಿನ್ ಅಂದರೆ ಕೆಲವರು ಮೂಗು ಮುರಿಯುವುದು ಇದಕ್ಕೇ. ನನ್ನ ಕಿವಿಗೆ ಮಾತ್ರ ಅವುಗಳ ಬೇಸ್ ಬಿಗಿಯಾಗಿ, ಗಂಭೀರವಾಗಿ ಕೇಳುತ್ತದೆ. ಹಾಡುವವರ ಜೊತೆಗೆ ಅದೇ ಚೆನ್ನ. ಮೂವತ್ತರ ದಶಕದ್ದು ನುಡಿಸಿದ ಮೇಲೆ ಬೇರೆ ಮಾತಾಡಬಹುದೇನೋ, ಆದರೆ ಅದರ ಬೆಲೆಗೆ ಬೆಂಗಳೂರಲ್ಲಿ ಸೈಟ್ ಬರುತ್ತದೆ.

ಒಂದು ಸಂಗತಿ ಮರೆತೆ. ಇಂಟೋನೇಷನ್ ನೋಡಿದ್ದೀರಾ, ಅಂದರೆ ಎಲ್ಲ ಫ್ರೆಟ್‌ಗಳಲ್ಲೂ ಸ್ವರ ಸರಿ ಬರುತ್ತದಾ ಅಂತ? ಆ ದಶಕದ ಕೆಲವು ಮಾರ್ಟಿನ್‌ಗಳಲ್ಲಿ ಬ್ರಿಡ್ಜ್ ಕೂರಬೇಕಾದ ಜಾಗದಲ್ಲಿ ಕೂತಿಲ್ಲ. ಹನ್ನೆರಡನೇ ಫ್ರೆಟ್ ಮೇಲೆ ಬೆರಳು ಸುಮ್ಮನೆ ತಾಗಿಸಿ ಹಾರ್ಮೋನಿಕ್ ತೆಗೆಯಿರಿ. ಆಮೇಲೆ ಅದೇ ಫ್ರೆಟ್ ಒತ್ತಿ ನುಡಿಸಿ. ಎರಡೂ ಒಂದೇ ಸ್ವರ ಬರಬೇಕು.

ಕೊಪ್ಪದ ಹುಡುಗ

ಬರುತ್ತಿಲ್ಲ. ಒತ್ತಿದ್ದು ತುಸು ಏರಿದೆ, ದಪ್ಪ ತಂತಿಯಲ್ಲಿ ಟ್ಯೂನರ್ ಮುಳ್ಳು 12 ಸೆಂಟ್ (ನೂರು ಸೆಂಟ್ ಸೇರಿದರೆ ಒಂದು ಅರ್ಧ ಸ್ವರ) ಮೇಲೆ ತೋರಿಸುತ್ತದೆ. ಓ, ಅದಕ್ಕೇ ಮೇಲಿನ ಫ್ರೆಟ್‌ಗಳಲ್ಲಿ ನುಡಿಸುವಾಗ ಏನೋ ಹುಳಿ ಹುಳಿ ಅನ್ನಿಸುತ್ತಿತ್ತು! ಕಿವಿ ಕೆಟ್ಟಿದೆ ಅಂದುಕೊಂಡಿದ್ದೆ.

ಹಾಗಾದರೆ ಬಿರುಕು?

ಉಳಿ ಮತ್ತು ಅಂಟು

ಆಕ್ಷನ್ ಎತ್ತರ ಇದ್ದರೂ ಒತ್ತಿದಾಗ ತಂತಿ ಎಳೆದುಕೊಂಡು ಸ್ವರ ಏರುತ್ತದೆ. ಅದಕ್ಕೆ ರಿಸೆಟ್ ಆದ ಮೇಲೆ ಇನ್ನೊಮ್ಮೆ ಅಳೆಯಿರಿ. ಆಗಲೂ ಏರಿದ್ದರೆ ಸ್ಯಾಡಲ್ ಕೂರುವ ಕಾಲುವೆ ತುಂಬಿಸಿ, ಒಂಚೂರು ಹಿಂದಕ್ಕೆ ಹೊಸ ಕಾಲುವೆ ತೆಗೆಸಬೇಕು. ಸಣ್ಣ ಕೆಲಸ.

ಬಿರುಕಿಗೆ ಬರೋಣ. ಆ ಕರಿ ಪಿಕ್‌ಗಾರ್ಡ್ ಪ್ಲಾಸ್ಟಿಕ್. ಕಾರ್ಖಾನೆಯಲ್ಲಿ ಪಾಲಿಶ್ ಹಾಕುವ ಮುಂಚೆಯೇ ಬರೀ ಮರಕ್ಕೆ ಅಂಟಿಸಿಬಿಡುತ್ತಿದ್ದರು. ವರ್ಷಗಳು ಹೋದ ಹಾಗೆ ಪ್ಲಾಸ್ಟಿಕ್ ಕುಗ್ಗುತ್ತದೆ. ಕುಗ್ಗುವಾಗ ಕೆಳಗಿನ ಮರವನ್ನೂ ಜೊತೆಗೆ ಎಳೆಯುತ್ತದೆ. ಮರ ಎಷ್ಟು ಅಂತ ಹೋಗುತ್ತದೆ? ಅಂಚಿನಲ್ಲಿ ಸೀಳುತ್ತದೆ. ಇದು ಎಷ್ಟು ಮಾಮೂಲಿ ಅಂದರೆ ರಿಪೇರಿಯವರ ಬಾಯಲ್ಲಿ ಇದಕ್ಕೆ 'ಮಾರ್ಟಿನ್ ಕ್ರ್ಯಾಕ್' ಅಂತಲೇ ಹೆಸರು.

ಪಿಕ್‌ಗಾರ್ಡ್ ಬಿಸಿ ಮಾಡಿ ಎಬ್ಬಿಸಬೇಕು. ಬಿರುಕಿಗೆ ಅಂಟು ಬಿಟ್ಟು, ಒಳಗಿನಿಂದ ಸ್ಪ್ರೂಸ್‌ನ ಪುಟ್ಟ ತುಂಡುಗಳನ್ನು ಗೆರೆಗೆ ಅಡ್ಡಲಾಗಿ ಕೂರಿಸಬೇಕು. ಕೆಳಗಿನ ಬರೀ ಮರಕ್ಕೆ ಲ್ಯಾಕರ್ ಹಚ್ಚಿ, ಆಮೇಲೆ ಪಿಕ್‌ಗಾರ್ಡ್ ವಾಪಸ್. ಈ ಸಲ ಸಡಿಲವಾಗಿ ಹಿಡಿಯುವ ಅಂಟಿನಲ್ಲಿ.

ಬಿರುಕು ಹಳೆಯದೋ ಹೊಸದೋ? ಅಂಚಲ್ಲಿ ಕೊಳೆ ಕೂತು ಕಪ್ಪಾಗಿದ್ದರೆ ಹಳೆಯದು. ಬಿಳೀ ಮರ ಕಾಣುತ್ತಿದ್ದರೆ ನಿಮ್ಮ ಕಾಲದ್ದೇ.

ಕೊಪ್ಪದ ಹುಡುಗ

ಬಿಳೀ ಮರವೇ ಕಾಣುತ್ತದೆ.

ನಿಜ ಹೇಳಿಬಿಡುತ್ತೇನೆ. ತಂದ ಹೊಸತರಲ್ಲಿ ಗೋಡೆಗೆ ನೇತು ಹಾಕಿದ್ದೆ. ಕೇಸಿನಲ್ಲಿ ಇಟ್ಟರೆ ಯಾರು ನೋಡುತ್ತಾರೆ ಅಂತ. ಕೆಳಗೇ ಹೀಟರ್‌ನ ಗಾಳಿ ಬರುವ ಜಾಲರಿ. ಜನವರಿಯಲ್ಲಿ ಒಂದು ರಾತ್ರಿ ಹಾಲ್‌ನಲ್ಲಿ ಟಕ್ ಅಂತ ಸದ್ದಾಯಿತು. ಇಲಿ ಹಿಡಿಯುವ ಬೋನು ಮುಚ್ಚಿಕೊಂಡ ಹಾಗೆ. ಎದ್ದು ಹೋಗಿ ಅಡುಗೆಮನೆಯಲ್ಲೆಲ್ಲ ನೋಡಿದೆ. ಬೆಳಿಗ್ಗೆ ಗಿಟಾರ್ ಕೈಗೆ ತಗೊಂಡಾಗ ಗೊತ್ತಾಯಿತು. ಗಾಳಿಯ ತೇವ ಶೇಕಡಾ ಎಷ್ಟು ಅಂತ ತೋರಿಸುವ ಹೈಗ್ರೋಮೀಟರ್ ತಂದದ್ದು ಆ ಮೇಲೆ. ಅದು 19 ತೋರಿಸುತ್ತಿತ್ತು.

ಮೊದಲ ಪೋಸ್ಟಿನಲ್ಲಿ ಬರೆಯೋಕೆ ನಾಚಿಕೆ ಆಯಿತು.

ಟೆಕ್ಸಸ್ ಅಜ್ಜಿ

ಅಯ್ಯೋ ಮಗಾ. ಹತ್ತೊಂಬತ್ತರಲ್ಲಿ ನಮ್ಮ ತುಟಿಯೇ ಒಡೆಯುತ್ತದೆ, ಮರದ ಕತೆ ಏನು?

ಸಂಶಯ ಪಿಶಾಚಿ

ಸರಿ, ಇಲ್ಲಿ ನನ್ನ ಸಂಶಯ ಏನೂ ಇಲ್ಲ. ತೇವದ ಲೆಕ್ಕ ವಿಜ್ಞಾನವೇ. ಮರ ಒಣಗಿದರೆ ಗೆರೆಗೆ ಅಡ್ಡಲಾಗಿ ಕುಗ್ಗುತ್ತದೆ, ಉದ್ದಕ್ಕೆ ಅಲ್ಲ. ಟಾಪ್‌ನ ಗೆರೆ ಉದ್ದಕ್ಕಿವೆ, ಅದಕ್ಕೆ ಸೀಳುವುದೂ ಉದ್ದಕ್ಕೇ.

ನನ್ನ ಸಂಶಯ ಬೇರೆ ಕಡೆ. 'ವರ್ಷ ಕಳೆದಂತೆ ಗಿಟಾರ್ ಬಾಯಿ ಬಿಡುತ್ತದೆ' ಅನ್ನುತ್ತಾರಲ್ಲ, ಅದು ನಿಜವಾ?

ಉಳಿ ಮತ್ತು ಅಂಟು

ಮರ ಹಳೆಯದಾದ ಹಾಗೆ ಅದರೊಳಗಿನ ಹೆಮಿಸೆಲ್ಯುಲೋಸ್ ನಿಧಾನಕ್ಕೆ ಒಡೆಯುತ್ತದೆ. ಆಗ ಮರ ತುಸು ಹಗುರವಾಗುತ್ತದೆ, ನೀರು ಹೀರುವುದೂ ಕಡಿಮೆ. ಹೊಸ ಗಿಟಾರ್‌ಗಳಿಗೆ ಈಗ ಟಾಪ್ ಮರವನ್ನು ಗಾಳಿಯಿಲ್ಲದ ಒಲೆಯಲ್ಲಿ ಬೇಯಿಸಿ ಹಾಕುವುದು ಇದನ್ನೇ ನಕಲು ಮಾಡೋಕೆ. ದಿನಾ ನುಡಿಸಿದರೆ ಬಾಯಿ ಬಿಡುತ್ತದಾ ಅಂದರೆ, ನನ್ನ ಅನುಭವದಲ್ಲಿ ನುಡಿಸುವವನ ಕೈ ಬಾಯಿ ಬಿಡುವುದೇ ಜಾಸ್ತಿ. ಗ್ರಾಹಕರ ಮುಂದೆ ಹೀಗೆ ಹೇಳುವುದಿಲ್ಲ, ಇಲ್ಲಿ ಹೇಳಿದ್ದೇನೆ.

ಹುಡುಗರೇ, ರಿಸೆಟ್ ಮಾಡಿಸುವ ಜಾಗ ಸಿಕ್ಕಿತಾ? ಅಲ್ಲಿ ಏನು ಮಾಡುತ್ತಾರೆ ಅಂತ ಮೊದಲೇ ತಿಳಿದುಕೊಂಡು ಹೋಗಿ. ಫ್ರೆಟ್‌ಬೋರ್ಡಿನ ತುದಿ ಟಾಪ್‌ಗೆ ಅಂಟಿರುತ್ತದೆ. ಅದನ್ನು ಬಿಸಿ ಮಾಡಿ, ತೆಳ್ಳನೆ ಅಲಗು ತೂರಿಸಿ ಬಿಡಿಸುತ್ತಾರೆ. ಹದಿನೈದನೇ ಫ್ರೆಟ್ ಕಿತ್ತು, ಆ ಸಂದಿಯಲ್ಲಿ ಎರಡು ಸಣ್ಣ ತೂತು ಕೊರೆಯುತ್ತಾರೆ. ಅದರೊಳಗೆ ಸೂಜಿ ಇಟ್ಟು ಉಗಿ ಬಿಡುತ್ತಾರೆ. ನನ್ನ ಅಂಗಡಿಯಲ್ಲಿ ಈಗಲೂ ಪ್ರೆಶರ್ ಕುಕ್ಕರ್. ವಿಶಲ್ ಜಾಗಕ್ಕೆ ಪೈಪ್ ಸಿಕ್ಕಿಸಿದ್ದೇನೆ. ಮನೆಯವಳು ಆ ಕುಕ್ಕರ್ ಆಸೆ ಬಿಟ್ಟು ಹತ್ತು ವರ್ಷವಾಯಿತು. ಉಗಿ ಹೋಗಿ ಅಂಟು ಮೆತ್ತಗಾದ ಮೇಲೆ ನೆಕ್ ನಿಧಾನಕ್ಕೆ ಮೇಲೆ ಬರುತ್ತದೆ.

ಆಮೇಲಿನದು ಕೂದಲೆಳೆ ಕೆಲಸ. ಹೀಲ್ ಅಂತ ಇದೆಯಲ್ಲ, ನೆಕ್‌ನ ಹಿಮ್ಮಡಿ, ಅದರ ತುದಿಯಿಂದ ಮರ ಕೆರೆಯುತ್ತಾರೆ. ಹಿಮ್ಮಡಿ ಸುಮಾರು 100 ಮಿ.ಮೀ. ಅಲ್ಲಿಂದ ಸ್ಯಾಡಲ್‌ಗೆ 287 ಮಿ.ಮೀ. ಅಂದರೆ ತುದಿಯಲ್ಲಿ 1 ಮಿ.ಮೀ. ತೆಗೆದರೆ ಸ್ಯಾಡಲ್ ಹತ್ತಿರ ಸುಮಾರು 3 ಮಿ.ಮೀ. ವ್ಯತ್ಯಾಸ. ನಿಮಗೆ 2 ಮಿ.ಮೀ. ಬೇಕು, ಹಾಗಾಗಿ ತೆಗೆಯುವುದು 0.7. ಒಂದು ಎಟಿಎಂ ಕಾರ್ಡಿನ ದಪ್ಪಕ್ಕಿಂತ ಕಡಿಮೆ. ಅಷ್ಟಕ್ಕೆ ಇಷ್ಟೆಲ್ಲ.

ಹಿಂದೆ ಯಾರಾದರೂ ಎಪಾಕ್ಸಿ ಹಾಕಿದ್ದರೆ ಮಾತ್ರ ದೇವರೇ ಗತಿ. ಅದು ಉಗಿಗೆ ಜಗ್ಗುವುದಿಲ್ಲ.

ಆರನೇ ತಂತಿ

ಬೆಂಗಳೂರಿಗೇ ತಂದುಬಿಟ್ಟರೆ? ಕಸ್ಟಮ್ಸ್‌ನಲ್ಲಿ ಬೀಟೆ ಅಂತ ಹಿಡಿಯುತ್ತಾರಾ?

ಟೆಕ್ಸಸ್ ಅಜ್ಜಿ

ನಾನು ಇದನ್ನು ವಿಚಾರಿಸಿದ್ದೆ. 2017ರಲ್ಲಿ ಬೀಟೆಯ ಜಾತಿ ಪೂರ್ತಿ ಸೈಟಿಸ್ (ಅಳಿವಿನ ಅಪಾಯದ ಗಿಡ, ಪ್ರಾಣಿಗಳ ವ್ಯಾಪಾರ ನಿಯಂತ್ರಿಸುವ ಅಂತರರಾಷ್ಟ್ರೀಯ ಒಪ್ಪಂದ) ಪಟ್ಟಿಗೆ ಬಂತು. ವಾದ್ಯದವರೆಲ್ಲ ಒದ್ದಾಡಿದರು. 2019ರ ನವೆಂಬರ್‌ನಿಂದ ತಯಾರಾದ ವಾದ್ಯಗಳಿಗೆ ವಿನಾಯಿತಿ ಇದೆ. ಬ್ರೆಜಿಲ್ ರೋಸ್‌ವುಡ್‌ಗೆ ಮಾತ್ರ ಇಲ್ಲ, ಅದು 1992ರಿಂದ ಎಲ್ಲಕ್ಕಿಂತ ಕಟ್ಟುನಿಟ್ಟಿನ ಪಟ್ಟಿಯಲ್ಲಿದೆ. ನೋಡಿ ತಮಾಷೆ, ಅವತ್ತು ಅಂಗಡಿಯವನು ಮುಖ ಸಣ್ಣ ಮಾಡಿಕೊಂಡ ಗಿಟಾರ್ ಇವತ್ತು ಆರಾಮಾಗಿ ವಿಮಾನ ಹತ್ತುತ್ತದೆ. ಅವನು ಹೊಗಳಿದ 1968ರ ಬ್ರೆಜಿಲಿಯನ್ ಕಾಗದಪತ್ರ ಇಲ್ಲದೆ ದೇಶದ ಗಡಿ ದಾಟುವ ಹಾಗಿಲ್ಲ.

ಕೊಪ್ಪದ ಹುಡುಗ

(ಏಳು ವಾರದ ನಂತರ)

ಆಯಿತು! ಇಲ್ಲೇ, ಮನೆಯಿಂದ ಒಂದು ಗಂಟೆ ದೂರದಲ್ಲಿ ಒಬ್ಬರು ಹಿರಿಯರು ಮಾಡಿಕೊಟ್ಟರು. ರಿಸೆಟ್, ಬಿರುಕು, ಹೊಸ ಮೂಳೆ ಸ್ಯಾಡಲ್, ಎಲ್ಲ ಸೇರಿ 850 ಡಾಲರ್. ಒಟ್ಟು ಲೆಕ್ಕ ಹಾಕಿದರೆ ಚೆನ್ನಾಗಿರುವುದನ್ನೇ ಕೊಳ್ಳಬಹುದಿತ್ತು. ಹೆಂಡತಿ ಇದನ್ನು ನೆನಪಿಸಿದ್ದಾಳೆ. ಎರಡು ಸಲ.

ನೆಕ್ ಬಿಚ್ಚಿದ ದಿನ ನನ್ನನ್ನು ಕರೆದಿದ್ದರು. ಉಗಿ ಬಿಟ್ಟ ಹತ್ತು ನಿಮಿಷಕ್ಕೆ ಸಣ್ಣಗೆ ಕರಕರ ಅಂದು ನೆಕ್ ಮೇಲೆ ಬಂತು. ಒಳಗಿನ ಗೂಟದ ಮೇಲೆ ಯಾರೋ ಪೆನ್ಸಿಲ್‌ನಲ್ಲಿ ಒಂದು ಅಂಕಿ ಬರೆದು, ಕೆಳಗೆ ಗೆರೆ ಎಳೆದಿದ್ದರು. 7 ಇರಬೇಕು, 1 ಕೂಡ ಇರಬಹುದು. 1971ರಿಂದ ಅದನ್ನು ಯಾರೂ ನೋಡಿರಲಿಲ್ಲ. ಹಿರಿಯರು ಅದನ್ನು ಅಳಿಸಲಿಲ್ಲ. ಪಕ್ಕದಲ್ಲಿ ತಮ್ಮ ಪೆನ್ಸಿಲ್‌ನಲ್ಲಿ ಈ ವರ್ಷ ಬರೆದರು. ಪೆನ್ಸಿಲ್ ನನ್ನ ಕೈಗೂ ಕೊಟ್ಟರು. ನಾನು 'ಬೀಟೆ' ಅಂತ ಕನ್ನಡದಲ್ಲಿ ಬರೆದೆ. ಅಕ್ಷರ ಸೊಟ್ಟಗೆ ಬಂತು, ಕೈ ನಡುಗುತ್ತಿತ್ತು. ಇನ್ನೊಂದು ಮೂವತ್ತು ವರ್ಷಕ್ಕೆ ಮತ್ತೆ ಬಿಚ್ಚುವವರು ತಲೆ ಕೆರೆದುಕೊಳ್ಳಲಿ.

ಈಗ ಆಕ್ಷನ್ 2.3 ಮಿ.ಮೀ. ಸ್ಯಾಡಲ್ 4 ಮಿ.ಮೀ. ಎದ್ದಿದೆ. ಹನ್ನೆರಡನೇ ಫ್ರೆಟ್‌ನಲ್ಲಿ 4 ಸೆಂಟ್ ಮಾತ್ರ ಏರಿಕೆ, ಅದನ್ನು ಸ್ಯಾಡಲ್ ತಲೆ ಹಿಂದಕ್ಕೆ ಓರೆ ಮಾಡಿ ಸರಿ ಮಾಡಿದರು. ಹದಿಮೂರರ ತಂತಿ ಬಿಟ್ಟು ಹನ್ನೆರಡು ಹಾಕಿದ್ದೇನೆ.

ದನಿ? ಪಿಶಾಚಿಯವರು ನಗುತ್ತಾರೆ, ಆದರೂ ಹೇಳುತ್ತೇನೆ. ಮುಂಚೆ ಪಕ್ಕದ ಕೋಣೆಯಿಂದ ಬಂದ ಹಾಗಿತ್ತು. ಈಗ ಬಾಗಿಲು ತೆಗೆದ ಹಾಗಿದೆ. ತಂತಿ ಸ್ಯಾಡಲ್ ಮೇಲೆ ಕಡಿದಾಗಿ ಬಗ್ಗಿ ಇಳಿಯುತ್ತದಲ್ಲ, ಒತ್ತಡ ಚೆನ್ನಾಗಿ ಟಾಪ್‌ಗೆ ಹೋಗುತ್ತದಂತೆ. ಮರ ಅದೇ, ಬ್ರೇಸಿಂಗ್ ಅದೇ. ಬದಲಾದದ್ದು 0.7 ಮಿ.ಮೀ.

ಸಂಶಯ ಪಿಶಾಚಿ

ನಗುವುದಿಲ್ಲ. ಕೋನ ಬದಲಾದರೆ ದನಿ ಬದಲಾಗುವುದನ್ನು ಒಪ್ಪುತ್ತೇನೆ. ಬೆನ್ನಿನ ಮರದ ವಿಷಯದಲ್ಲಿ ಮಾತ್ರ ಜಗ್ಗಲ್ಲ.

ಕಾಫಿತೋಟ

ನೀವು ಬರೆದದ್ದು ಓದಿ, ನಮ್ಮ ಹಳೇ ಮಂಚದ ಕಾಲಿಗೆ ಬೆರಳ ಗಂಟಿನಿಂದ ತಟ್ಟಿ ರೆಕಾರ್ಡ್ ಮಾಡಿ ಹಾಕಿದ್ದೇನೆ, ಕೇಳಿ. ಮಗಳು ಅದು ಜಿ ಶಾರ್ಪ್ ಅನ್ನುತ್ತಾಳೆ. ನಿಮ್ಮ ಗಿಟಾರಿನ ಬೆನ್ನಿಗೆ ತಟ್ಟಿದರೆ ಏನು ಬರುತ್ತದೆ?

ಕೊಪ್ಪದ ಹುಡುಗ

ಕೇಳಿದೆ. ಈಗಷ್ಟೇ ಕೇಸಿನಿಂದ ತೆಗೆದು ನಾನೂ ತಟ್ಟಿದೆ. ಅದಕ್ಕಿಂತ ತುಂಬಾ ಕೆಳಗಿದೆ, ಕೆಳಗಿನ ಸಪ್ತಕದ ಜಿ ಹತ್ತಿರ. ಹಲಗೆ ತೆಳ್ಳಗಿದೆಯಲ್ಲ. ಆದರೆ ತಟ್ಟಿದ ಮೇಲೆ ಕೊನೆಯಲ್ಲಿ ಉಳಿಯುವ ಗಂಟೆಯಂಥ ಗುಂಯ್ ಎರಡರಲ್ಲೂ ಇದೆ. ಅಮ್ಮನಿಗೆ ಫೋನ್ ಮಾಡಿ, ನಮ್ಮ ಮಂಚಕ್ಕೂ ತಟ್ಟಿ ಕಳಿಸು ಅಂದಿದ್ದೇನೆ. ಹುಷಾರಾಗಿದ್ದೀಯಾ ಅಂತ ಕೇಳಿದರು.

ಉಳಿ ಮತ್ತು ಅಂಟು

ಅದೆಲ್ಲ ಇರಲಿ. ಕೇಸಿನಿಂದ ತೆಗೆದೆ ಅಂದಿರಲ್ಲ, ಈಗ ಕೋಣೆಯ ಹೈಗ್ರೋಮೀಟರ್ ಎಷ್ಟು ತೋರಿಸುತ್ತಿದೆ?

ಕೊಪ್ಪದ ಹುಡುಗ

34.

ಉಳಿ ಮತ್ತು ಅಂಟು

ಫೋನ್ ಪಕ್ಕಕ್ಕಿಡಿ. ಗಿಟಾರ್ ಕೇಸಿಗೆ ಹಾಕಿ. ಸ್ಪಂಜ್ ಒದ್ದೆ ಮಾಡಿ, ಹಿಂಡಿ, ಸೋಪಿನ ಡಬ್ಬಿಗೆ ತೂತು ಮಾಡಿ ಒಳಗಿಡಿ. 45 ಬರುವ ತನಕ ಮುಚ್ಚಳ ತೆಗೆಯಬೇಡಿ.